ಲೆಕ್ಕ ನೋಡುವವರೂ ಜೀವ ಉಳಿಸುತ್ತಾರೆ

ಸೈನ್ಸ್‌ನವರು ಜೀವ ಉಳಿಸುತ್ತಾರೆ, ಕಾಮರ್ಸ್‌ನವರು ದುಡ್ಡು ಎಣಿಸುತ್ತಾರೆ. ಪಿಯುಸಿಗೆ ಸೇರುವಾಗ ಈ ಮಾತನ್ನು ನೆಂಟರಿಂದಲೋ ಗೆಳೆಯರಿಂದಲೋ ಕೇಳದ ಕಾಮರ್ಸ್ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಆಸ್ಪತ್ರೆ ಎಂದರೆ ಡಾಕ್ಟರು, ನರ್ಸು, ಔಷಧಿ ಅಷ್ಟೇ ಎಂದು ನಾನೂ ತಿಳಿದಿದ್ದೆ. ದಕ್ಷಿಣ ಆಫ್ರಿಕಾದ ಕಳೆದ ಮೂವತ್ತು ವರ್ಷಗಳ ಚರಿತ್ರೆಯನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ.

ಆ ದೇಶದಲ್ಲಿ 1948ರಿಂದ ವರ್ಣಭೇದ ನೀತಿ ಜಾರಿಯಲ್ಲಿತ್ತು. ಯಾರು ಎಲ್ಲಿ ವಾಸಿಸಬೇಕು, ಯಾವ ಶಾಲೆಗೆ ಹೋಗಬೇಕು, ಯಾವ ಆಸ್ಪತ್ರೆಯ ಬಾಗಿಲು ತಟ್ಟಬೇಕು ಎಂಬುದನ್ನೆಲ್ಲ ಚರ್ಮದ ಬಣ್ಣವೇ ನಿರ್ಧರಿಸುತ್ತಿತ್ತು. 1994ರ ಏಪ್ರಿಲ್ 27ರಂದು ಎಲ್ಲರೂ ಮೊದಲ ಬಾರಿಗೆ ಒಟ್ಟಿಗೆ ಮತ ಹಾಕಿದರು. ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಅದೇ ವರ್ಷ ಗರ್ಭಿಣಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಸರ್ಕಾರಿ ಚಿಕಿತ್ಸೆ ಉಚಿತವಾಯಿತು. 1996ರ ಸಂವಿಧಾನದ 27ನೇ ವಿಧಿ ಆರೋಗ್ಯ ಸೇವೆ ಪಡೆಯುವುದು ಎಲ್ಲರ ಹಕ್ಕು ಎಂದು ಸಾರಿತು. ಆದರೆ ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ: ಸರ್ಕಾರ ತನ್ನಲ್ಲಿರುವ ಸಂಪನ್ಮೂಲದ ಮಿತಿಯೊಳಗೆ ಈ ಹಕ್ಕನ್ನು ಹಂತಹಂತವಾಗಿ ಈಡೇರಿಸಬೇಕು. ಹಾಗಾದರೆ ಎಷ್ಟು ಹಣ ಇದೆ? ಅದು ಎಲ್ಲಿಗೆ ಹೋಗುತ್ತಿದೆ? ಹಕ್ಕಿನ ಪ್ರಶ್ನೆ ಇಲ್ಲಿಂದ ಲೆಕ್ಕದ ಪ್ರಶ್ನೆಯೂ ಆಗುತ್ತದೆ.

ಇದರ ಮೊದಲ ಪರೀಕ್ಷೆ ಎಚ್‌ಐವಿ ರೂಪದಲ್ಲಿ ಬಂತು. ಸರ್ಕಾರಿ ಕ್ಲಿನಿಕ್‌ಗಳಿಗೆ ಬರುವ ಗರ್ಭಿಣಿಯರಲ್ಲಿ 1990ರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿದ್ದ ಸೋಂಕು 2000ದ ಹೊತ್ತಿಗೆ ಸುಮಾರು ನಾಲ್ವರಲ್ಲಿ ಒಬ್ಬರನ್ನು ಮುಟ್ಟಿತ್ತು. ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಏಡ್ಸ್‌ಗೆ ಎಚ್‌ಐವಿಯೇ ಕಾರಣವೇ ಎಂದು ಬಹಿರಂಗವಾಗಿ ಸಂಶಯಪಟ್ಟರು. ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣಿನ ಗುಣಗಾನ ಮಾಡಿದರು. ಔಷಧಿ ತುಂಬಾ ದುಬಾರಿ ಎಂಬ ಮಾತೂ ಕೇಳಿಬರುತ್ತಿತ್ತು.

ಆ ಮಾತಿಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಿಂದ. ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಬೆಲೆಯಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 350 ಡಾಲರ್‌ಗೆ ಕೊಡುವುದಾಗಿ 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಘೋಷಿಸಿದರು. ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ! ಆಫ್ರಿಕಾದ ಬಡವರಿಗೆ ಈ ಚಿಕಿತ್ಸೆ ಎಟುಕುವುದೇ ಇಲ್ಲ ಎಂಬ ವಾದ ಬಿದ್ದುಹೋಯಿತು.

ಅತ್ತ ದಕ್ಷಿಣ ಆಫ್ರಿಕಾದ ಒಳಗೆ, 1998ರಲ್ಲಿ ಹುಟ್ಟಿದ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಹೋರಾಡುತ್ತಿತ್ತು. ಅದರ ಮುಂದಾಳು ಝ್ಯಾಕಿ ಅಖ್ಮತ್ ಅವರಿಗೇ ಎಚ್‌ಐವಿ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಸಿಗುವವರೆಗೆ ತಾನು ಆ ಔಷಧಿ ಮುಟ್ಟುವುದಿಲ್ಲ ಎಂದು ಅವರು ಪಣ ತೊಟ್ಟಿದ್ದರು. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ತಯಾರಕ ಕಂಪನಿಯೇ ಉಚಿತವಾಗಿ ಕೊಡಲು ಮುಂದೆ ಬಂದಿತ್ತು. ಆದರೂ ಸರ್ಕಾರ ಅದನ್ನು 18 ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ 27ನೇ ವಿಧಿಯನ್ನೇ ಆಧರಿಸಿ ಆ ನಿರ್ಬಂಧವನ್ನು ತೆಗೆಯುವಂತೆ ಆದೇಶಿಸಿತು. ತಡ ಮಾಡಿದ್ದರಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವು ಎಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಇಂದು ಅದೇ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಜಗತ್ತಿನಲ್ಲಿ ಇಷ್ಟು ದೊಡ್ಡ ಚಿಕಿತ್ಸಾ ಕಾರ್ಯಕ್ರಮ ಬೇರೆಲ್ಲೂ ಇಲ್ಲ.

ಕಥೆ ಇಲ್ಲಿಗೇ ಸುಖವಾಗಿ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಜೊಹಾನ್ಸ್‌ಬರ್ಗ್ ನಗರವಿರುವ ಗೌಟೆಂಗ್ ಪ್ರಾಂತ್ಯದ ಆರೋಗ್ಯ ಇಲಾಖೆಯಲ್ಲಿ ಬಬಿತಾ ದೇವಕರನ್ ಎಂಬ ಹಿರಿಯ ಲೆಕ್ಕಪತ್ರ ಅಧಿಕಾರಿಯಿದ್ದರು. ಭಾರತೀಯ ಮೂಲದವರು. ಟೆಂಬಿಸಾ ಎಂಬಲ್ಲಿನ ಸರ್ಕಾರಿ ಆಸ್ಪತ್ರೆಯ ಬಿಲ್‌ಗಳಲ್ಲಿ ಅವರಿಗೆ ಅನುಮಾನ ಬಂತು. ಮೇಲಿನವರ ಒಪ್ಪಿಗೆ ಬೇಕಾಗದಂತೆ 5 ಲಕ್ಷ ರ‍್ಯಾಂಡ್ ಮಿತಿಯ ಒಳಗೇ ನೂರಾರು ಖರೀದಿಗಳು ನಡೆದಿದ್ದವು. ಪಾವತಿ ನಿಲ್ಲಿಸಿ, ತನಿಖೆ ಮಾಡಿಸಿ ಎಂದು ಅವರು ಮೇಲಧಿಕಾರಿಗಳಿಗೆ ಬರೆದರು. 2021ರ ಆಗಸ್ಟ್ 23ರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. 2023ರಲ್ಲಿ ಆರು ಜನ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು.

ಈ ಸುದ್ದಿ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ವೋಚರ್ ಪರಿಶೀಲನೆ ನಮಗೆ ಪರೀಕ್ಷೆಯ ಪ್ರಶ್ನೆ. ಅವರಿಗೆ ಅದು ಪ್ರಾಣದ ಪ್ರಶ್ನೆಯಾಯಿತು. ಅವರ ಕೈಯಲ್ಲಿ ಸ್ಟೆತಾಸ್ಕೋಪ್ ಇರಲಿಲ್ಲ. ಆದರೂ ಅವರು ಕಾಯುತ್ತಿದ್ದದ್ದು ರೋಗಿಗಳನ್ನೇ.

ಆ ದೇಶದ ಕಷ್ಟಕ್ಕೆಲ್ಲ ವರ್ಣಭೇದವೇ ಕಾರಣ ಎನ್ನುವವರಿದ್ದಾರೆ. ಅದರಲ್ಲಿ ದೊಡ್ಡ ಸತ್ಯವಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಆರ್ಥಿಕ ಅಸಮಾನತೆ ಇರುವ ದೇಶಗಳಲ್ಲಿ ಅದೂ ಒಂದು. ದುಡಿಯಲು ಸಿದ್ಧರಿರುವ ಹತ್ತು ಜನರಲ್ಲಿ ಮೂವರಿಗೆ ಕೆಲಸವಿಲ್ಲ. ಹತ್ತಾರು ವರ್ಷಗಳ ಅನ್ಯಾಯ ಒಂದು ಚುನಾವಣೆಯಿಂದ ಅಳಿಯುವುದಿಲ್ಲ. ಆದರೆ ಹಳೆಯ ಅನ್ಯಾಯ ಹೊಸ ಕಳ್ಳತನಕ್ಕೆ ರಹದಾರಿಯಲ್ಲ. ಕದ್ದ ಪ್ರತಿ ರ‍್ಯಾಂಡ್ ಮೊದಲು ತಟ್ಟುವುದು ಸರ್ಕಾರಿ ಆಸ್ಪತ್ರೆ ಬಿಟ್ಟರೆ ಬೇರೆ ಗತಿಯಿಲ್ಲದ ಬಡವರನ್ನೇ.

ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂಬ ಪದವನ್ನು ನಾವು ಹೆಚ್ಚಾಗಿ ನೋಡುವುದು ಅಧಿಕಾರಿಯೊಬ್ಬರನ್ನು ಕೆಲಸದಿಂದ ದೂರ ಇಟ್ಟಾಗ. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಗೆ ಕೊಟ್ಟದ್ದು. ಕೇಳಿದಾಗ ಕಡಿಮೆಯಾಗದೆ ಹಿಂದಿರುಗಿಸಬೇಕಾದದ್ದು. ಸಾರ್ವಜನಿಕರ ಹಣ ಅಂಥ ಅಮಾನತ್. ಅದನ್ನು ಕಾಯುವುದು ಇಬಾದತ್‌ಗಿಂತ ಕಡಿಮೆಯ ಕೆಲಸವಲ್ಲ ಎಂದು ನನಗನ್ನಿಸುತ್ತದೆ.

ನಾವು ಸಣ್ಣದರಿಂದ ಶುರು ಮಾಡಬಹುದು. ವಾರ್ಷಿಕೋತ್ಸವಕ್ಕೆ, ಬೀಳ್ಕೊಡುಗೆಗೆ ನಾವು ವಿದ್ಯಾರ್ಥಿಗಳು ಸೇರಿಸುವ ಹಣದ ಲೆಕ್ಕವನ್ನು ಕಾರ್ಯಕ್ರಮ ಮುಗಿದ ವಾರದೊಳಗೆ ರಸೀದಿಗಳ ಸಮೇತ ನೋಟಿಸ್ ಬೋರ್ಡಿಗೆ ಹಾಕೋಣ. ಯಾರು ಬೇಕಾದರೂ ನೋಡಲಿ, ಕೇಳಲಿ. ಕೇಳಿದವರ ಮೇಲೆ ಯಾರೂ ಮುನಿಸಿಕೊಳ್ಳುವುದು ಬೇಡ. ಲೆಕ್ಕ ಕೇಳುವುದೂ ಕೊಡುವುದೂ ಹದಿನೇಳನೇ ವಯಸ್ಸಿಗೆ ಅಭ್ಯಾಸವಾದರೆ, ಮುಂದೊಂದು ದಿನ ನಮ್ಮ ಮೇಜಿನ ಮೇಲೆ ಆಸ್ಪತ್ರೆಯ ಬಿಲ್ ಬಂದಾಗ ಕೈ ನಡುಗುವುದಿಲ್ಲ.