ಹೆಗಲೇರಿದ ಅತಿಥಿ

ಪರಕಾಯಪ್ರವೇಶದ ಕಥೆಗಳು ನಮಗೆ ಹೊಸವಲ್ಲ. ಶಂಕರಾಚಾರ್ಯರು ಅಮರುಕರಾಜನ ದೇಹವನ್ನು ಹೊಕ್ಕರೆಂಬ ಕಥೆಯನ್ನು ಬಲ್ಲವರು ಒಂದು ಸಂಗತಿಯನ್ನು ಗಮನಿಸಿರಬಹುದು: ರಾಜನು ಅದಾಗಲೇ ಮೃತನಾಗಿದ್ದನು. ಬರಿದಾದ ಮನೆಯನ್ನು ಹೊಗುವವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಇಂದಿನ ಯಂತ್ರವಿಜ್ಞಾನಿಗಳು ಸಾಧಿಸಹೊರಟಿರುವ ಪರಕಾಯಪ್ರವೇಶದಲ್ಲಿ ಮನೆಯ ಯಜಮಾನನು ಒಳಗೇ ಇದ್ದಾನೆ. ಜಪಾನಿನ ಕೇಯೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತಮ್ಮ ಸಂಗಡಿಗರೊಡನೆ ‘ಫ್ಯೂಷನ್’ ಎಂಬ ಸಾಧನವನ್ನು ಪ್ರದರ್ಶಿಸಿದರು. ಅದೊಂದು ಬೆನ್ನುಚೀಲ, ಧರಿಸಿದವನ ಹೆಗಲ ಹಿಂದಿನಿಂದ ಕ್ಯಾಮೆರಾಗಳೇ ಕಣ್ಣುಗಳಾದ ಒಂದು ತಲೆ, ಎರಡು ಯಂತ್ರದ ತೋಳುಗಳು ಮೇಲೇಳುತ್ತವೆ. ಬೇರೊಂದೆಡೆ ಕುಳಿತವನು ದೃಶ್ಯಯಂತ್ರವನ್ನು ಕಣ್ಣಿಗೆ ಬಿಗಿದುಕೊಂಡು ಕತ್ತು ಹೊರಳಿಸಿದರೆ ಈ ತಲೆ ಹೊರಳುತ್ತದೆ. ಅವನು ಕೈ ನೀಡಿದರೆ ಈ ತೋಳು ನೀಡುತ್ತದೆ. ಇಷ್ಟೇ ಆಗಿದ್ದರೆ ಬೆರಗಾಗಿ ಸುಮ್ಮನಿರಬಹುದಿತ್ತು. ಆದರೆ ಯಂತ್ರದ ಹಸ್ತಗಳನ್ನು ಕಳಚಿ, ತೋಳುಗಳನ್ನು ಧರಿಸಿದವನ ಮಣಿಕಟ್ಟುಗಳಿಗೇ ಪಟ್ಟಿಯಿಂದ ಬಿಗಿಯುವ ಏರ್ಪಾಡೂ ಉಂಟು. ಆಗ ದೂರದವನ ಇಚ್ಛೆಯಂತೆ ಇವನ ಕೈ ಚಲಿಸುತ್ತದೆ. ಗುರುವು ಶಿಷ್ಯನ ಕೈಹಿಡಿದು ಅಕ್ಷರ ತಿದ್ದಿಸಿದಂತೆ ಎನ್ನಬಹುದು. ಸೂತ್ರದ ಬೊಂಬೆಯ ಆಟವೆಂದೂ ಎನ್ನಬಹುದು.

ಇಂಥ ವಿದ್ಯೆಯನ್ನು ಹಳಿಯುವ ಮಡಿವಂತಿಕೆ ನನಗಿಲ್ಲ. ಟೋಕಿಯೋ ನಗರದಲ್ಲಿ 2021ರಲ್ಲಿ ಶಾಶ್ವತವಾಗಿ ನೆಲೆಗೊಂಡ ಒಂದು ಕಾಫಿಗೃಹದಲ್ಲಿ, ಹಾಸಿಗೆ ಬಿಟ್ಟೇಳಲಾರದವರು ‘ಓರಿಹಿಮೆ’ ಎಂಬ ಯಂತ್ರಪುತ್ಥಳಿಗಳ ಮೂಲಕ ಗಿರಾಕಿಗಳೊಡನೆ ಸಂಭಾಷಿಸುತ್ತಾರೆ, ದುಡಿದು ಸಂಬಳ ಪಡೆಯುತ್ತಾರೆ. ಅಂಥವರೊಬ್ಬರು ಗೆಳೆಯನ ಹೆಗಲೇರಿ ತಮ್ಮ ಹುಟ್ಟೂರಿನ ಬೀದಿಯನ್ನು ಮತ್ತೊಮ್ಮೆ ಕಾಣುವಂತಾದರೆ ಬೇಡವೆನ್ನುವ ಕಲ್ಲೆದೆ ಯಾರದು?

ನನ್ನ ಕಳವಳವೆಲ್ಲ ಹೆಗಲು ಕೊಟ್ಟವನನ್ನು ಕುರಿತದ್ದು. ಅವನು ಗೆಳೆಯನಲ್ಲದೆ ಕೂಲಿಯವನಾದಾಗಿನ ಮಾತು. ಡೋಲಿಯಲ್ಲಿ ಕುಳಿತು ಬೆಟ್ಟವೇರಿದ ಯಾತ್ರಿಕನಿಗೆ ಹೊತ್ತವರ ಬೆವರಾದರೂ ಕಾಣುತ್ತಿತ್ತು. ಮರುಕಗೊಂಡು ಒಂದು ಗಳಿಗೆ ಇಳಿದು ನಡೆಯಲೂ ಬಹುದಾಗಿತ್ತು. ಈ ಹೊಸ ಯಾತ್ರಿಕನು ಇಳಿಯುವುದೆಲ್ಲಿಗೆ? ಮನೆಯಲ್ಲಿ ಕುಳಿತವನಿಗೆ ಬಿಸಿಲೆಂಬುದೂ ಒಂದು ಚಿತ್ರ, ಏದುಸಿರೆಂಬುದೂ ಒಂದು ಸದ್ದು. ಹಣ ತೆತ್ತವನು ‘ಇನ್ನೂ ಹತ್ತಿರ ಹೋಗು’ ಎಂದಾಗ, ಪರರ ಮನೆಯಂಗಳವನ್ನೋ ಅಳುವವರ ಗುಂಪನ್ನೋ ಕಂಡು ಹೊತ್ತವನ ಕಾಲು ತಾನಾಗಿ ಹಿಂಜರಿದರೆ, ಆ ಹಿಂಜರಿಕೆಗೆ ಬೆಲೆಯುಂಟೆ? ಊರನ್ನು ಬಲ್ಲವನು ಅವನು. ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ತಗ್ಗಿಸಬೇಕು ಎಂಬುದು ಅವನಿಗೆ ಗೊತ್ತು. ಅವನ ಕಾಲನ್ನು ಬೇಡಿ ಅವನ ವಿವೇಕವನ್ನು ಬೇಡವೆನ್ನುವ ಪ್ರವಾಸದಲ್ಲಿ ನೋಡುವುದೇನನ್ನು?

ಆದುದರಿಂದ ಇಂಥ ಸಾಧನಗಳು ಪೇಟೆಗೆ ಬರುವ ಮೊದಲೇ ಒಂದು ಕಟ್ಟಳೆಯಾಗಬೇಕು: ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚುವ ಗುಂಡಿ ಹೊತ್ತವನ ಕೈಗೆಟಕುವಲ್ಲಿರಬೇಕು, ಬಿಚ್ಚಿದ್ದೇಕೆಂದು ಕೇಳಿ ಅವನ ಕೂಲಿಯನ್ನು ಮುರಿಯುವ ಅಧಿಕಾರ ಯಾರಿಗೂ ಇರಕೂಡದು.