ತಾಳಿಗೂ ರಹದಾರಿ ಬೇಕಂತೆ!

"ಹೋಗುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲವಲ್ಲ!" ವಿಮಾನ ನಿಲ್ದಾಣದಲ್ಲಿ ಯಾರದೋ ಬಳೆ, ಸರ ಕಸ್ಟಮ್ಸ್‌ನವರ ಪಾಲಾದ ಸುದ್ದಿ ಬಂದಾಗಲೆಲ್ಲ ಈ ಉಪದೇಶ ತಪ್ಪದು. ಹೇಳುವವರಲ್ಲಿ ಹೆಚ್ಚಿನವರು, ಒಡವೆ ಇಲ್ಲಿಂದಲೇ ಒಯ್ದದ್ದು ಎಂದು ಸಾರುವ ಆ ಸರ್ಟಿಫಿಕೇಟನ್ನು ಕಣ್ಣಿಂದ ಕಂಡವರೂ ಅಲ್ಲ.

ಬೆಳಗಿನ ಜಾವದ ವಿಮಾನ. ಕಂಕುಳಲ್ಲಿ ಮಗು, ಟ್ರಾಲಿ ತುಂಬ ಪೆಟ್ಟಿಗೆ. ಅದರ ನಡುವೆ ಕಸ್ಟಮ್ಸ್ ಕೌಂಟರ್ ಹುಡುಕಬೇಕು, ಅಲ್ಲಿ ಅಧಿಕಾರಿ ಇರಬೇಕು, ಮೈಮೇಲಿನ ಒಡವೆ ತೋರಿಸಬೇಕು, ತೂಕ, ಬೆಲೆಯ ಕಾಗದ ಮುಂದಿಡಬೇಕು. ತಂಗಿಯ ಸೀಮಂತಕ್ಕೆಂದು ನಾಲ್ಕು ದಿನ ಮಸ್ಕತ್‌ಗೆ ಹೋಗಿಬರುವ ಹೆಂಗಸು ತನ್ನ ತಾಳಿಯನ್ನು ಮೊದಲು ರಫ್ತು ಮಾಡಬೇಕು, ಆಮೇಲೆ ಆಮದು ಮಾಡಿಕೊಳ್ಳಬೇಕು!

2023ರ ಜುಲೈನಲ್ಲಿ ಅಹಮದಾಬಾದ್ ಕಸ್ಟಮ್ಸ್, ಬೆಲೆಬಾಳುವ ವಸ್ತು ಒಯ್ಯುವವರು ಹೊರಡುವ ಮೊದಲೇ ಘೋಷಿಸಿಕೊಳ್ಳಿ ಎಂದು ಪ್ರಕಟಣೆ ಹೊರಡಿಸಿ ಜನರಿಂದ ಚೆನ್ನಾಗಿ ಉಗಿಸಿಕೊಂಡಿತು. ಮೇಲಿನವರ ಸಮಜಾಯಿಷಿ ಬಂತು: ಇದು ಕಡ್ಡಾಯವಲ್ಲ, ಪ್ರಯಾಣಿಕರ ಅನುಕೂಲಕ್ಕಷ್ಟೇ. ಎಂಥ ಅನುಕೂಲ! ಹೋಗುವಾಗ ಕಡ್ಡಾಯವಲ್ಲದ ಕಾಗದವನ್ನು ಬರುವಾಗ ಕೇಳುತ್ತಾರೆ. ಇಲ್ಲವೆಂದರೆ ಕಳ್ಳಸಾಗಣೆಯ ಅನುಮಾನ.

ಸರ್ಕಾರಕ್ಕೆ ನಿಜವಾಗಿ ಗೊತ್ತಿಲ್ಲವೇ ಆ ಒಡವೆ ಎಲ್ಲಿಯದೆಂದು? 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದು ಇದೇ ಸರ್ಕಾರ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಗುರುತು ಒತ್ತಿದರೆ ಒಡವೆಯ ಶುದ್ಧತೆ, ಅದನ್ನು ಹಾಲ್‌ಮಾರ್ಕ್ ಮಾಡಿಸಿದ ವ್ಯಾಪಾರಿ, ಪರೀಕ್ಷಿಸಿದ ಕೇಂದ್ರ ಎಲ್ಲ ಬಿಚ್ಚಿಕೊಳ್ಳುತ್ತದೆ. ಮನೆಯ ಅಜ್ಜಿಯೂ ನೋಡಬಹುದಾದ ಈ ಮಾಹಿತಿ ಕಸ್ಟಮ್ಸ್ ಅಧಿಕಾರಿಯ ಫೋನಿನಲ್ಲಿ ಮಾತ್ರ ತೆರೆಯುವುದಿಲ್ಲವೇನೋ! ಒಂದು ಇಲಾಖೆ ಒತ್ತಿಸಿದ ಮುದ್ರೆಯನ್ನು ಇನ್ನೊಂದು ಇಲಾಖೆ ನಂಬದಿದ್ದರೆ ಅದರ ದಂಡವನ್ನು ನಾವೇಕೆ ತೆರಬೇಕು?

2016ರ ಬ್ಯಾಗೇಜ್ ನಿಯಮದ ಜಾಣತನ ನೋಡಿ. ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವ ಮಹಿಳೆಗೆ ಸುಂಕವಿಲ್ಲದೆ 40 ಗ್ರಾಂ ಒಡವೆ, ಆದರೆ ಬೆಲೆ 1 ಲಕ್ಷ ರೂಪಾಯಿ ಮೀರಕೂಡದು. ಆಗ 10 ಗ್ರಾಂ ಚಿನ್ನಕ್ಕೆ ಸುಮಾರು 30 ಸಾವಿರ. 2025ರಲ್ಲಿ ಅದು ಲಕ್ಷ ದಾಟಿತು. 40 ಗ್ರಾಂ ಎಂಬುದು ಪುಸ್ತಕದಲ್ಲೇ ಉಳಿಯಿತು. ಬೆಲೆಯ ಮಿತಿ ತೆಗೆಯಲು 2026ರ ಫೆಬ್ರುವರಿ ಬರಬೇಕಾಯಿತು. ಅದೂ ಹೊರಗಿನಿಂದ ತರುವ ಒಡವೆಯ ಲೆಕ್ಕ. ಇಲ್ಲಿಂದಲೇ ತೊಟ್ಟು ಹೋದದ್ದರ ಗತಿ?

ಸ್ವಂತ ಬಳಕೆಯ ಒಡವೆಯನ್ನು ವೈಯಕ್ತಿಕ ಸಾಮಾನಿನಿಂದ ಪೂರ್ತಿ ಹೊರಗಿಡಲಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. "ನನಗೆ ಶೋಕಾಸ್ ನೋಟಿಸ್ ಬೇಡ" ಎಂಬ ಮೊದಲೇ ಅಚ್ಚು ಹಾಕಿಸಿಟ್ಟ ಫಾರಂಗೆ ಪ್ರಯಾಣಿಕರ ಸಹಿ ಹಾಕಿಸಿಕೊಳ್ಳುವ ಚಾಳಿಯನ್ನು ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುವ ಕಾಗದವನ್ನು ಇಲಾಖೆಯೇ ಮುದ್ರಿಸಿ ಇಟ್ಟುಕೊಳ್ಳುವುದೆಂದರೆ ಅದೆಂಥ ಮುಂದಾಲೋಚನೆ!

ಇನ್ನು ಯಾರನ್ನು ನಿಲ್ಲಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಮಾತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ನಟಿಯೊಬ್ಬರಿಂದ 14.2 ಕೆ.ಜಿ. ಚಿನ್ನವನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ) ವಶಪಡಿಸಿಕೊಂಡಿತು. ಪೊಲೀಸ್ ಪ್ರೋಟೊಕಾಲ್ ದುರ್ಬಳಕೆಯ ಆರೋಪವೂ ಜೊತೆಗೆ ಬಂತು. ಭಟ್ಕಳ, ಕುಂದಾಪುರ, ಪುತ್ತೂರಿನಿಂದ ಗಲ್ಫ್‌ಗೆ ದುಡಿಯಲು ಹೋದವರಿಗೆ ಯಾವ ಪ್ರೋಟೊಕಾಲ್ ಇದೆ? ಅವರು ಕಳಿಸುವ ಹಣ ದೇಶಕ್ಕೆ ಬೇಕು, ಅವರ ಹೆಂಡತಿಯ ಕೊರಳ ಸರದ ಮೇಲೆ ಮಾತ್ರ ಸಂಶಯ. ಈ ದೇಶದಲ್ಲಿ ಪಡಿತರ ಚೀಟಿಯಿಂದ ಪಹಣಿಯವರೆಗೆ ತಾನು ಕಳ್ಳನಲ್ಲ ಎಂದು ಸಾಬೀತುಮಾಡುವ ಹೊಣೆ ಯಾವತ್ತೂ ಬಡಪಾಯಿಯದೇ.

ಸರ್ಟಿಫಿಕೇಟ್ ಕೇಳದಿದ್ದರೆ ಕಳ್ಳಸಾಗಣೆ ಹೆಚ್ಚುತ್ತದೆ ಎಂದು ಹೆದರಿಸುವವರಿಗೆ ಒಂದೇ ಮಾತು: ಕಿಲೋಗಟ್ಟಲೆ ಚಿನ್ನ ಸಾಗಿಸುವವರು ಎಚ್‌ಯುಐಡಿ ಇರುವ ಅವಲಕ್ಕಿ ಸರ ತೊಟ್ಟು ಬರುವುದಿಲ್ಲ.

ಅರ್ಥ ಸಚಿವೆ ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಎಚ್‌ಯುಐಡಿ ಇರುವ ಒಡವೆಗೆ ಬೇರೆ ಸರ್ಟಿಫಿಕೇಟ್ ಕೇಳಬೇಡಿ, ಹಳೆಯ ಒಡವೆಗೆ ಹೊರಡುವ ಮುನ್ನ ಫೋನಿನಲ್ಲೇ ಚಿತ್ರ ಕಳಿಸಿ ನೋಂದಾಯಿಸಲು ಬಿಡಿ. ಸಚಿವರು ಇಷ್ಟು ಬರೆದು ಒಂದು ಸುತ್ತೋಲೆ ಹೊರಡಿಸಲಿ.