ಪರೀಕ್ಷೆ ‘ಇಲ್ಲ’ ಎಂದ ಮೇಲೂ ಉಳಿಯುವ ಪ್ರಶ್ನೆ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮುಟ್ಟಿನ ಮಾತನ್ನು ಇಂದಿಗೂ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಸೊಸೆಯ ಮುಟ್ಟು ಎಂಟು ದಿನ ತಡವಾದರೆ ಸಾಕು, ಅದು ಮನೆಮಂದಿಯ ಎಲ್ಲರ ವಿಷಯವಾಗುತ್ತದೆ. ನನ್ನ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಸೊಸೆಯಂದಿರು, ಕೆಲವರು ಅತ್ತೆಯಂದಿರು. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ, ವಿದ್ಯಾರ್ಥಿಗಳೂ ಓದಬೇಕು.

ಇಂದು ಗರ್ಭಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯ ಬಳಿಯೂ ಔಷಧದ ಅಂಗಡಿಯಲ್ಲಿಯೂ ದೊರೆಯುತ್ತದೆ. ಎರಡು ಗೆರೆ ಮೂಡಿದರೆ ಸಂಭ್ರಮ. ಒಂದೇ ಗೆರೆ ಮೂಡಿದರೆ ಮನೆಯವರ ಆಸಕ್ತಿ ಅಲ್ಲಿಗೇ ಮುಗಿಯುತ್ತದೆ. ಹಾಗಾದರೆ ಮುಟ್ಟೇಕೆ ಬರಲಿಲ್ಲವೆಂದು ಕೇಳುವವರಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಅಂಡಾಶಯದಿಂದ ಅಂಡ ಬಿಡುಗಡೆಯಾಗಿ ಸುಮಾರು 14 ದಿನಗಳಿಗೆ ಮುಟ್ಟು ಬರುತ್ತದೆ. ಅಂಡ ಬಿಡುಗಡೆಯೇ ತಡವಾದರೆ ಮುಟ್ಟೂ ತಡವಾಗುತ್ತದೆ. ಅಂತಹ ತಿಂಗಳಲ್ಲಿ ಗರ್ಭ ನಿಂತಿದ್ದರೂ ಕಿಟ್ ಮೊದಲಿಗೆ ‘ಇಲ್ಲ’ ಎನ್ನಬಹುದು. ಆದ್ದರಿಂದ ಒಂದು ವಾರ ಬಿಟ್ಟು, ಬೆಳಗಿನ ಮೊದಲ ಮೂತ್ರದಿಂದ ಮತ್ತೊಮ್ಮೆ ಪರೀಕ್ಷಿಸಬೇಕು.

ಆಗಲೂ ‘ಇಲ್ಲ’ ಎಂದರೆ ಕಾರಣ ಬೇರೆ. ಥೈರಾಯ್ಡ್ ತೊಂದರೆ, ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಒಎಸ್, ಮಗುವಿಗೆ ಹಾಲೂಡಿಸುವ ಕಾಲ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು, ನಲವತ್ತು ದಾಟಿದ ವಯಸ್ಸು, ತೀವ್ರ ಚಿಂತೆ, ಇವುಗಳಲ್ಲಿ ಯಾವುದೂ ಆಗಿರಬಹುದು. ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಅರೆಹೊಟ್ಟೆಯಲ್ಲಿ ಕಲ್ಲುಮಣ್ಣು ಹೊತ್ತು ಸೊರಗಿದ ಹೆಣ್ಣುಮಗಳ ದೇಹವೂ ಮುಟ್ಟನ್ನು ತಡೆಹಿಡಿಯುತ್ತದೆ.

ನಮ್ಮ ಜನ ಇದಕ್ಕೆ ತೀರ್ಪು ಕೊಡುತ್ತಾರೆಯೇ ಹೊರತು ಕಾರಣ ಹುಡುಕುವುದಿಲ್ಲ. ಮದುವೆಯಾದವಳಾದರೆ ‘ಬಂಜೆ’ಯೆಂಬ ಪಿಸುಮಾತು, ಮದುವೆಯಾಗದವಳಾದರೆ ಸಂಶಯ. ಎರಡೂ ಅನ್ಯಾಯ. ಎಳ್ಳುಬೆಲ್ಲ, ಪಪ್ಪಾಯಿ ತಿನ್ನುವುದಕ್ಕೆ ನನ್ನ ವಿರೋಧವಿಲ್ಲ. ಅದನ್ನೇ ಚಿಕಿತ್ಸೆಯೆಂದು ನಂಬಿ ತಿಂಗಳುಗಟ್ಟಲೆ ಕಾಯುವುದಕ್ಕೆ ವಿರೋಧವಿದೆ. ಯಾರನ್ನೂ ಕೇಳದೆ ತಂದು ನುಂಗಿದ ಮಾತ್ರೆಯಿಂದ ರಕ್ತಸ್ರಾವವಾಗಬಹುದು, ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ಮೂರು ತಿಂಗಳು ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣಲೇಬೇಕು. ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು, ಅಕಾಲದ ರಕ್ತಸ್ರಾವ ಕಂಡರೆ, ಕಿಟ್ ಏನೇ ಹೇಳಲಿ, ಅದೇ ದಿನ ಹೋಗಬೇಕು. ಗರ್ಭ ಗರ್ಭಕೋಶದ ಹೊರಗೆ ನಿಂತಿದ್ದರೆ ಜೀವಕ್ಕೇ ಅಪಾಯ.

ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. 2010ರಲ್ಲಿ ಜಿಲ್ಲೆಯಾದ ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಮೊದಲಿನಂತೆ ಎಲ್ಲದಕ್ಕೂ ಕಲಬುರಗಿಯ ದಾರಿ ನೋಡಬೇಕಾಗಿಲ್ಲ. ಕೊರತೆಯಿರುವುದು ಜೊತೆಗೆ ಹೋಗುವವರದು. ಸೊಸೆಗೆ ‘ವಿಶೇಷವಿದೆಯೇ’ ಎಂದು ಕೇಳುವ ಅತ್ತೆ, ‘ನಿನ್ನ ಆರೋಗ್ಯ ಹೇಗಿದೆ, ನಾಳೆ ದವಾಖಾನೆಗೆ ಹೋಗಿ ಬರೋಣವೇ’ ಎಂದೂ ಕೇಳಲಿ. ಗಂಡನಾದವನು ಬಸ್ ನಿಲ್ದಾಣದವರೆಗಲ್ಲ, ವೈದ್ಯರ ಕೋಣೆಯವರೆಗೂ ಬರಲಿ.